ತೌಡು ಹಸುವಿಗೆ, ಬಿಳಿಯನ್ನ ಬಾಣಂತಿಗೆ

ಹಸು ಕರು ಹಾಕಿದಾಗ ಏನು ಮಾಡಬೇಕೆಂದು ಕುಂದಾಣ ಹೋಬಳಿಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಗುರುಬೆಚ್ಚಗಿನ ನೀರನ್ನು ಬೇಕೆಂದಷ್ಟು ಕುಡಿಸುತ್ತೀರಿ. ರಾಗಿ ಗಂಜಿಗೆ ಬೆಲ್ಲ ಬೆರೆಸಿ ಮುಂದಿಡುತ್ತೀರಿ. ತೌಡು, ಹಿಂಡಿ, ಹಸಿರು ಮೇವನ್ನು ದಿನದಿಂದ ದಿನಕ್ಕೆ ಏರಿಸುತ್ತೀರಿ. ಕರುವನ್ನು ಒರೆಸಿ, ಗಿಣ್ಣುಹಾಲಿಗೆ ಬಾಯಿ ಹಚ್ಚಿಸುತ್ತೀರಿ. ಹಸು ಸೊರಗಿದರೆ ಹಾಲು ಸೊರಗುತ್ತದೆ ಎಂಬುದು ನಿಮಗೆ ಗೊತ್ತಿರುವ ಲೆಕ್ಕ.

ಅದೇ ಮನೆಯ ಒಳಕೋಣೆಯಲ್ಲಿ ಬಾಣಂತಿ ಇದ್ದಾಳೆಂದುಕೊಳ್ಳಿ. ನೀರು ಹೆಚ್ಚು ಕುಡಿದರೆ ಮೈ ಊದುತ್ತದೆಂದು ಅವಳಿಗೆ ಲೋಟ ಎಣಿಸಿ ಕೊಡುತ್ತಾರೆ. ಸೊಪ್ಪು ಶೀತ, ಬೇಳೆ ವಾಯು, ರಾಗಿ ಜಡ, ಹಣ್ಣು ತಿಂದರೆ ಕೂಸಿಗೆ ನೆಗಡಿ. ಒಂದೊಂದಾಗಿ ಎಲ್ಲವನ್ನೂ ತೆಗೆದ ಮೇಲೆ ಅವಳ ತಟ್ಟೆಯಲ್ಲಿ ಉಳಿಯುವುದು ಬಿಳಿಯನ್ನ, ಮೆಣಸಿನ ಸಾರು, ಬೆಳ್ಳುಳ್ಳಿ ಮತ್ತು ಸ್ವಲ್ಪ ತುಪ್ಪ. ಎಲ್ಲ ಮನೆಗಳೂ ಹೀಗಿಲ್ಲ. ಆದರೆ ಹೀಗಿರುವ ಮನೆಗಳು ಕಡಿಮೆಯೇನೂ ಇಲ್ಲ. ಹಸುವಿನದೂ ಹೆಣ್ಣಿನದೂ ಸುಮಾರು 280 ದಿನಗಳ ಗರ್ಭ. ಹೆತ್ತ ಮೇಲೆ ಇಬ್ಬರೂ ತಮ್ಮ ಮೈಯಿಂದಲೇ ಹಾಲು ಕೊಡಬೇಕು. ಆದರೂ ಕೊಟ್ಟಿಗೆಗೆ ಒಂದು ನ್ಯಾಯ, ಒಳಮನೆಗೆ ಇನ್ನೊಂದು ನ್ಯಾಯ.

ಬೇಸಾಯ ಶಾಸ್ತ್ರದವರಿಗೆ ಬಾಣಂತನದ ಗೊಡವೆ ಏಕೆ ಎಂದು ನೀವು ಕೇಳಬಹುದು. ಬಾಣಂತಿಯ ತಟ್ಟೆಗೆ ಬರುವುದೆಲ್ಲ ಹೊಲದಿಂದಲೇ ಬರಬೇಕು ಎಂಬುದು ಒಂದು ಉತ್ತರ. ಕೆಳಗೆ ಹೇಳುವ ಕಾಯಿಲೆಯ ಮೂಲ ಇರುವುದು ಅಕ್ಕಿ ಗಿರಣಿಯಲ್ಲಿ ಎಂಬುದು ಇನ್ನೊಂದು.

ಜಯದೇವ ಸಂಸ್ಥೆಗೆ ಬಂದ ಕೂಸುಗಳು

ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಒಂದು ವರದಿ ಪ್ರಕಟಿಸಿದರು. ಅದರಲ್ಲಿ 250 ಹಸುಗೂಸುಗಳ ವಿವರವಿದೆ. ಅವುಗಳ ಸರಾಸರಿ ವಯಸ್ಸು ಸುಮಾರು ಮೂರು ತಿಂಗಳು. ಎಲ್ಲವೂ ತಾಯಿಯ ಹಾಲನ್ನೇ ಕುಡಿಯುತ್ತಿದ್ದವು. ಏದುಸಿರು, ವಾಂತಿ, ಹಾಲು ಬಿಡುವುದು, ಅತ್ತರೂ ದನಿ ಹೊರಡದಿರುವುದು ಅವುಗಳಲ್ಲಿ ಕಂಡುಬಂದ ಲಕ್ಷಣಗಳು. ಪರೀಕ್ಷಿಸಿದಾಗ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿತ್ತು. ಹುಟ್ಟಿನಿಂದ ಬಂದ ಹೃದಯದ ದೋಷ ಇದಕ್ಕೆ ಕಾರಣವಾಗಿರಲಿಲ್ಲ. ವೈದ್ಯರು ಥಯಾಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟರು. 231 ಕೂಸುಗಳು ಚೇತರಿಸಿಕೊಂಡವು. ತಾಯಂದಿರ ಊಟವನ್ನು ವಿಚಾರಿಸಿದಾಗ ತಿಳಿದುಬಂದದ್ದು ಇದು: ಬಾಣಂತನದ ಪಥ್ಯದ ಹೆಸರಿನಲ್ಲಿ ಅವರು ಹೆಚ್ಚಾಗಿ ಉಣ್ಣುತ್ತಿದ್ದುದು ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ತಾಯಂದಿರು ಮಗುವನ್ನು ಅಲಕ್ಷ್ಯ ಮಾಡಿದವರಲ್ಲ. ಹಿರಿಯರು ಹೇಳಿದ ಪಥ್ಯವನ್ನು ಚಾಚೂತಪ್ಪದೆ ಪಾಲಿಸಿದವರು. ಕಟ್ಟುನಿಟ್ಟು ಹೆಚ್ಚಿದಷ್ಟೂ ಹಾಲಿನಲ್ಲಿ ಬಿ1 ಕಡಿಮೆಯಾಗುತ್ತ ಹೋಗುತ್ತದೆ. ನಮ್ಮ ಮೈಯಲ್ಲಿ ಈ ಜೀವಸತ್ವದ ದಾಸ್ತಾನು ಎರಡು ಮೂರು ವಾರಗಳಿಗಷ್ಟೇ ಸಾಕಾಗುತ್ತದೆ. ತಾಯಿಯ ಊಟದಲ್ಲಿ ಅದು ಇಲ್ಲವಾದರೆ ಹಾಲಿನಲ್ಲೂ ಇಲ್ಲ. ತೂಕ ಚೆನ್ನಾಗಿಯೇ ಏರುತ್ತಿದ್ದ ಕೂಸು ಎರಡನೆಯ ಅಥವಾ ಮೂರನೆಯ ತಿಂಗಳಲ್ಲಿ ದಿಢೀರನೆ ಕುಸಿಯುವುದು ಹೀಗೆ.

ಆದುದರಿಂದ ಈ ಲಕ್ಷಣಗಳನ್ನು ನೆನಪಿನಲ್ಲಿಡಿ. ಕೂಸಿನ ಅಳು ಒಡಕಾಗುವುದು ಅಥವಾ ಬಾಯಿ ತೆರೆದು ಅತ್ತರೂ ದನಿ ಬಾರದಿರುವುದು, ಮೇಲಿಂದ ಮೇಲೆ ವಾಂತಿ, ಮೊಲೆ ಹಿಡಿಯಲು ಒಲ್ಲದಿರುವುದು, ಉಸಿರಿನ ವೇಗ. ಇವು ಕಂಡರೆ ದೃಷ್ಟಿಯಾಯಿತೆಂದು ನಿವಾಳಿಸುತ್ತ ಕೂರದೆ ಆ ಹೊತ್ತಿಗೇ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಒಯ್ಯಿರಿ. ಬಾಣಂತಿ ಏನು ಉಣ್ಣುತ್ತಿದ್ದಾಳೆ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ತಾಯಿಗೆ ಕೈಕಾಲು ಜೋಮು ಹಿಡಿಯುತ್ತಿದ್ದರೆ, ಪಾದ ಉರಿಯುತ್ತಿದ್ದರೆ ಅದನ್ನೂ ತಿಳಿಸಿ. ಚಿಕಿತ್ಸೆ ದುಬಾರಿಯದಲ್ಲ, ತಡವಾಗದಿದ್ದರೆ ಕೂಸು ಒಂದೆರಡು ದಿನಗಳಲ್ಲೇ ತಿರುಗಿಕೊಳ್ಳುವುದುಂಟು. ತಾಯಿಯ ಹಾಲು ನಂಜಾಗಿದೆ ಎಂದು ಹಾಲು ಬಿಡಿಸುವುದು ತಪ್ಪು. ತಾಯಿಗೂ ಬಿ1 ಕೊಟ್ಟು, ಊಟ ಸರಿಪಡಿಸಿದರೆ ಅದೇ ಹಾಲು ಅಮೃತ.

ಕೋಳಿಗಳು ಕಲಿಸಿದ ಪಾಠ

ಈ ಕಾಯಿಲೆಗೆ ಬೆರಿಬೆರಿ ಎಂದು ಹೆಸರು. ಇದರ ಗುಟ್ಟನ್ನು ಮೊದಲು ತೋರಿಸಿದ್ದು ಕೋಳಿಗಳು. 1890ರ ಸುಮಾರಿನಲ್ಲಿ ಜಾವಾ ದ್ವೀಪದ ಬಟಾವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿಯ ಕಾರಣ ಹುಡುಕುತ್ತಿದ್ದರು. ಅವರು ಸಾಕಿದ್ದ ಕೋಳಿಗಳು ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ನಂತರ ತಾವಾಗಿಯೇ ಎದ್ದು ಓಡಾಡಿದವು. ವಿಚಾರಿಸಿದಾಗ ತಿಳಿದದ್ದಿಷ್ಟು. ನಡುವೆ ಕೆಲವು ಕಾಲ ಆ ಕೋಳಿಗಳಿಗೆ ಸೇನಾ ಆಸ್ಪತ್ರೆಯ ಅಡುಗೆಮನೆಯಿಂದ ಬಿಳಿ ಅಕ್ಕಿಯ ಅನ್ನ ಬರುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು ಅದನ್ನು ನಿಲ್ಲಿಸಿದ. ಕೋಳಿಗಳು ಮತ್ತೆ ಹೊಟ್ಟಿರುವ ಅಗ್ಗದ ಅಕ್ಕಿಗೆ ಮರಳಿದವು, ಗುಣವಾದವು. ಅಕ್ಕಿಯ ಮೇಲಿನ ತೆಳು ಪೊರೆಯಲ್ಲಿ, ಅಂದರೆ ತೌಡಿನಲ್ಲಿ, ಏನೋ ಇದೆ ಎಂದು ಗೊತ್ತಾದದ್ದು ಹೀಗೆ. ಐಕ್‌ಮನ್ನರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು. ತೌಡಿನಲ್ಲಿದ್ದ ಆ ವಸ್ತುವನ್ನು 1926ರಲ್ಲಿ ಬೇರ್ಪಡಿಸಿದರು, ಅದೇ ಥಯಾಮಿನ್.

ಈಗ ನಮ್ಮ ಮನೆಗೆ ಬನ್ನಿ. ಗಿರಣಿಯಲ್ಲಿ ಅಕ್ಕಿ ಬೆಳ್ಳಗಾಗುತ್ತದೆ, ಬಿ1 ತೌಡಿನೊಡನೆ ಹೊರಬೀಳುತ್ತದೆ. ತೌಡು ಹಸುವಿಗೆ. ಉಳಿದ ಚೂರುಪಾರು ಬಿ1 ನೀರಿನಲ್ಲಿ ಕರಗುವಂಥದು. ಅಕ್ಕಿಯನ್ನು ಮೂರು ನಾಲ್ಕು ಸಲ ಉಜ್ಜಿ ತೊಳೆದಾಗ ಆ ನೀರಿನಲ್ಲಿ ಹೋಗುತ್ತದೆ. ಅಕ್ಕಚ್ಚು ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿಗೆ. ಅನ್ನ ಬಸಿದರೆ ಗಂಜಿಯಲ್ಲಿ ಮತ್ತಷ್ಟು ಹೋಗುತ್ತದೆ, ಅದೂ ಹಸುವಿಗೆ. ಮೂರು ದಾರಿಯಿಂದಲೂ ಬಾಣಂತಿಗೆ ಸೇರಬೇಕಾದದ್ದು ಕೊಟ್ಟಿಗೆ ಸೇರಿತು. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಮೆಲುಕು ಹಾಕುವ ದೊಡ್ಡ ದನಕ್ಕೆ ಬಿ1 ಹೊರಗಿನಿಂದ ಬೇಕಾಗುವುದೇ ಅಪರೂಪ. ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ಅದನ್ನು ತಯಾರಿಸುತ್ತವೆ. ಹೆಣ್ಣುಮಗಳಿಗೆ ಆ ಅನುಕೂಲವಿಲ್ಲ. ಹಸುವಿಗೆ ತೌಡು ಬೇರೆ ಪೋಷಕಾಂಶಗಳಿಗಾಗಿ ಬೇಕೇ ಬೇಕು, ಅದನ್ನು ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ಬಾಣಂತಿಯ ಪಾಲು ಎಲ್ಲಿಂದ ಬರಬೇಕೆಂಬುದಷ್ಟೇ ಪ್ರಶ್ನೆ.

ಹಾಗಾದರೆ ನಮ್ಮ ಅಜ್ಜಿಯಂದಿರು ಇದೇ ಪಥ್ಯದಲ್ಲಿ ಎಂಟು ಹತ್ತು ಹೆರಲಿಲ್ಲವೇ ಎಂಬ ಮಾತು ಬರುತ್ತದೆ. ಹೆತ್ತರು, ಹೆತ್ತುದರಲ್ಲಿ ಎಷ್ಟನ್ನು ಕಳೆದುಕೊಂಡರು ಎಂಬುದನ್ನು ಅವರೇ ಬಲ್ಲರು. ಅದು ಹಾಗಿರಲಿ. ಆ ಕಾಲದಲ್ಲಿ ಅಕ್ಕಿಯನ್ನು ಮನೆಯಲ್ಲೇ ಒನಕೆಯಿಂದ ಕುಟ್ಟುತ್ತಿದ್ದರು. ಎಷ್ಟು ಕುಟ್ಟಿದರೂ ಅದರ ಮೈಮೇಲೆ ಒಂದಿಷ್ಟು ತೌಡು ಉಳಿಯುತ್ತಿತ್ತು. ಬಸುರಿಯಾಗಿದ್ದಾಗಲೂ ಅವರು ಮೂರು ಹೊತ್ತು ಉಂಡದ್ದು ರಾಗಿ. ಈಗ ಪಥ್ಯ ಹಳೆಯದೇ ಇದೆ, ಅಕ್ಕಿ ಮಾತ್ರ ಬೇರೆಯಾಗಿದೆ. ರಾಗಿಯ ಸೀಮೆಯಾದ ದೇವನಹಳ್ಳಿ, ದೊಡ್ಡಬಳ್ಳಾಪುರದ ಮನೆಗಳಲ್ಲೂ ಒಂದು ಹೊತ್ತಿನ ಮುದ್ದೆಯ ಜಾಗಕ್ಕೆ ಅನ್ನ ಬಂದು ಕುಳಿತಿದೆ. ಕರಾವಳಿಯ ಕುಚ್ಚಲಕ್ಕಿಯಾದರೂ ಮೇಲು. ಭತ್ತವನ್ನು ಸಿಪ್ಪೆಸಹಿತ ಬೇಯಿಸುವಾಗ ಬಿ1 ಒಳಗಿನ ಕಾಳಿಗೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಬಹುಕಾಲ ಬಳಕೆಯಲ್ಲಿದ್ದ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಬಿ1 ಇರುವುದು 0.06 ಮಿಲಿಗ್ರಾಂ ಮಾತ್ರ. ಕುಚ್ಚಲಕ್ಕಿಯಲ್ಲಿ 0.21. ರಾಗಿಯಲ್ಲಿ 0.42, ಹುರುಳಿಯಲ್ಲೂ ಅಷ್ಟೇ. ತೊಗರಿಬೇಳೆಯಲ್ಲಿ 0.45, ಒಣ ಅವರೆಯಲ್ಲಿ 0.52, ಕಡಲೆಕಾಯಿ ಬೀಜದಲ್ಲಿ 0.90, ಎಳ್ಳಿನಲ್ಲಿ 1.01. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 2 ಮಿಲಿಗ್ರಾಂ ಬೇಕು.

ಬಾಣಂತಿ ದಿನಕ್ಕೆ 300 ಗ್ರಾಂ ಬಿಳಿ ಅಕ್ಕಿಯ ಅನ್ನವನ್ನು ಮೆಣಸಿನ ಸಾರಿನಲ್ಲಿ ಉಂಡಳೆನ್ನಿ. ಅವಳಿಗೆ ದೊರೆತದ್ದು 0.18. ಹತ್ತನೆಯ ಒಂದು ಪಾಲೂ ಇಲ್ಲ. ಅದರ ಬದಲು 250 ಗ್ರಾಂ ರಾಗಿ, 100 ಗ್ರಾಂ ಅಕ್ಕಿ, 60 ಗ್ರಾಂ ತೊಗರಿಬೇಳೆ, ಒಂದು ಹಿಡಿ ಅವರೆ ಅಥವಾ ಹುರುಳಿ, ಒಂದು ಹಿಡಿ ಕಡಲೆಕಾಯಿ ಬೀಜ ಸೇರಿದರೆ ಮೊತ್ತ ಸುಮಾರು 1.9ಕ್ಕೆ ಮುಟ್ಟುತ್ತದೆ. ಬೇಯಿಸುವಾಗ ಸ್ವಲ್ಪ ನಷ್ಟವಾಗುತ್ತದೆ; ಹಾಲು, ಮೊಟ್ಟೆ, ಸೊಪ್ಪು, ಎಳ್ಳು ಅದನ್ನು ತುಂಬುತ್ತವೆ. ಇದಕ್ಕೆ ಪೇಟೆಯಿಂದ ತರಬೇಕಾದ ಡಬ್ಬಿ ಒಂದೂ ಇಲ್ಲ. ರಾಗಿಯಿಂದ ಇನ್ನೊಂದು ಲಾಭವೂ ಇದೆ. 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಅಕ್ಕಿಯಲ್ಲಿರುವುದು 10 ಮಾತ್ರ. ಕೂಸಿನ ಮೂಳೆ ಬೆಳೆಯುವುದು ತಾಯಿಯ ಮೂಳೆಯ ಖರ್ಚಿನಲ್ಲಿ ಎಂಬುದನ್ನು ಮರೆಯಬಾರದು.

ರಾಗಿ ಜಡ, ಹೆತ್ತ ಹೊಟ್ಟೆಗೆ ಆಗದು ಎನ್ನುವವರಿಗೆ ಒಂದು ಉಪಾಯ. ಮೊದಲ ಎರಡು ಮೂರು ದಿನ ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಹಿಟ್ಟಿನ ಗಂಜಿ ಕೊಡಿ. ನಂತರ ತೆಳ್ಳನೆಯ ರೊಟ್ಟಿ, ವಾರ ಕಳೆಯುತ್ತಲೇ ಸಣ್ಣ ಮುದ್ದೆ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಗಿದ್ದರೆ ಊಟ ಎಂದಿನಿಂದ ಶುರುಮಾಡಬೇಕೆಂದು ವೈದ್ಯರು ಹೇಳುತ್ತಾರೆ; ಶುರುವಾದ ಮೇಲೆ ತಿನ್ನಬೇಕಾದದ್ದು ಇದನ್ನೇ.

ಅಡುಗೆಯ ಬಗೆಗೂ ಎರಡು ಮಾತು. ನಮ್ಮ ಕಡೆಯ ಬಸ್ಸಾರಿನಂಥ ಜಾಣ ಅಡುಗೆ ಮತ್ತೊಂದಿಲ್ಲ. ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಅದನ್ನೇ ಸಾರು ಮಾಡುತ್ತೇವೆ. ನೀರಿನಲ್ಲಿ ಕರಗಿದ ಸತ್ವ ತಟ್ಟೆಗೇ ಬರುತ್ತದೆ. ಮುದ್ದೆಯಲ್ಲಂತೂ ಬಸಿಯುವ ಮಾತೇ ಇಲ್ಲ. ಆದರೆ ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸವನ್ನು ಬಿಡಬೇಕು. ಸೋಡಾ ಬಿ1 ಅನ್ನು ನಾಶಮಾಡುತ್ತದೆ. ಅಕ್ಕಿಯನ್ನು ಒಂದೇ ಸಲ ತೊಳೆದು, ಹದವಾಗಿ ನೀರಿಟ್ಟು ಬಸಿಯದೆ ಬೇಯಿಸಿ. ಬಾಣಂತಿಗೆ ಊಟದ ಮೇಲೆ ಎಲೆ ಅಡಿಕೆ ಕೊಡುವುದು ರೂಢಿ. ಅಡಿಕೆ ಮತ್ತು ಚಹಾದಲ್ಲಿರುವ ಒಗರು ಬಿ1ಗೆ ಶತ್ರು, ಕಬ್ಬಿಣದ ಮಾತ್ರೆಗೂ ಶತ್ರು. ಆ ಆರು ತಿಂಗಳು ಅವೆರಡನ್ನೂ ದೂರವಿಡುವುದು ಒಳ್ಳೆಯದು.

ಬೆಳ್ಳುಳ್ಳಿಯನ್ನು ನಾನು ತೆಗೆದುಹಾಕುತ್ತಿಲ್ಲ. 1950ರ ದಶಕದ ಆರಂಭದಲ್ಲಿ ಜಪಾನಿನ ಕ್ಯೋಟೋ ನಗರದ ಸಂಶೋಧಕರು ಬೆಳ್ಳುಳ್ಳಿಯ ಸತ್ವ ಬಿ1 ಜೊತೆ ಕೂಡಿ ಸುಲಭವಾಗಿ ಮೈಗೆ ಹತ್ತುವ ರೂಪ ತಾಳುತ್ತದೆಂದು ತೋರಿಸಿದರು. ಅಜ್ಜಿಯರ ಬೆಳ್ಳುಳ್ಳಿ ಸರಿಯಾಗಿಯೇ ಇತ್ತು. ಆದರೆ ತಟ್ಟೆಯಲ್ಲಿ ಬಿ1 ಇಲ್ಲದೆ ಬರೀ ಬೆಳ್ಳುಳ್ಳಿ ಏನು ಮಾಡೀತು? ಮೆಣಸು, ಓಮ, ತುಪ್ಪದಿಂದಲೂ ಕೆಡುಕಿಲ್ಲ. ಪಥ್ಯದಲ್ಲಿ ಸೇರಿಸಿದ ಪದಾರ್ಥಗಳಿಂದ ತೊಂದರೆಯಾಗಿಲ್ಲ, ಬಿಡಿಸಿದ ಪದಾರ್ಥಗಳಿಂದ ಆಗಿದೆ.

ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತಿಳಿದುಬಂದಿದೆ. ಆದುದರಿಂದ ಹೆರಿಗೆಯ ನಂತರ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ನುಂಗಬೇಕು. ಹುಳಿ ಹಣ್ಣಿನೊಡನೆ ಅದು ಚೆನ್ನಾಗಿ ಹತ್ತುತ್ತದೆ. ಭೌಗೋಳಿಕ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತದ ನಾಡಿನಲ್ಲಿದ್ದುಕೊಂಡು ಬಾಣಂತಿಗೆ ಎರಡು ತೊಳೆ ಚಕ್ಕೋತ ಕೊಡಲು ಹೆದರುವುದು ಸೋಜಿಗ. ತಾಯಿ ತಿಂದ ಹಣ್ಣಿನಿಂದ ಕೂಸಿಗೆ ನೆಗಡಿಯಾಗುವುದಿಲ್ಲ. ನೆಗಡಿಯಾದವರು ಕೂಸನ್ನು ಎತ್ತಿ ಮುದ್ದಿಸಿದರೆ ಆಗುತ್ತದೆ.

ನೀರಿನ ವಿಚಾರ

ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕೊಡುವ ತಾಯಿಗೆ ನೀರು ಬಿಗಿಹಿಡಿಯಬಾರದು. ಬಾಯಾರಿದಾಗಲೆಲ್ಲ ಕುಡಿಯಲಿ; ಪ್ರತಿ ಸಲ ಹಾಲೂಡಿಸುವಾಗ ಪಕ್ಕದಲ್ಲಿ ಒಂದು ಚೊಂಬು ನೀರಿರಲಿ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ ಬರುತ್ತವೆ. ಕೂಸಿನ ಮಾತು ಬೇರೆ. ಆರು ತಿಂಗಳವರೆಗೆ ಅದಕ್ಕೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ಬೇಸಿಗೆಯಲ್ಲೂ ನೀರು ಬೇಡ. ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ ಯಾವುದೂ ಬೇಡ.

ಇಲ್ಲಿ ಕೊಳವೆ ಬಾವಿಯ ನೀರಿನ ಬಗ್ಗೆ ಹೇಳಲೇಬೇಕು. ತರಕಾರಿ, ದ್ರಾಕ್ಷಿ, ಹೂವಿಗೆ ಸುರಿದ ಯೂರಿಯಾದಲ್ಲಿ ಬೆಳೆ ಹೀರದೆ ಉಳಿದದ್ದು ಮತ್ತು ತಿಪ್ಪೆಗುಂಡಿಯಿಂದ ಇಳಿದದ್ದು ನೈಟ್ರೇಟ್ ರೂಪದಲ್ಲಿ ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನದಂಡ. ದೊಡ್ಡವರಿಗೆ ಕೂಡಲೇ ಏನೂ ಕಾಣದಿರಬಹುದು. ಆದರೆ ಅಂಥ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ತುಟಿ, ಉಗುರು ನೀಲಿಗಟ್ಟುತ್ತವೆ. ಅಮೆರಿಕದ ಅಯೋವಾ ರಾಜ್ಯದ ರೈತರ ಮನೆಯ ಬಾವಿಗಳಲ್ಲಿ ಇದನ್ನು 1945ರಲ್ಲಿ ಮೊದಲು ಗುರುತಿಸಿದರು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ತಾಯಿಯ ಹಾಲಿನಲ್ಲಿ ಅದು ಅತ್ಯಲ್ಪ. ವೈದ್ಯರೇ ಮೇಲುಹಾಲು ಹೇಳಿದ್ದರೆ ಪರೀಕ್ಷೆ ಮಾಡಿಸಿದ ನೀರನ್ನು, ಇಲ್ಲವೇ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ತಂದು, ಕುದಿಸಿ ಆರಿಸಿ ಬಳಸಿ. ಬಾವಿಯ ಸುತ್ತ ತಿಪ್ಪೆ ಇದ್ದರೆ ಹೆರಿಗೆಗೆ ಕಾಯದೆ ಈಗಲೇ ದೂರ ಸರಿಸಿ.

ಕೂಸಿನ ಮೊದಲ ದಿನಗಳು

ರಾಜ್ಯದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಾಗುತ್ತಿವೆ ಎಂದು ಅದೇ ಸಮೀಕ್ಷೆ ತಿಳಿಸುತ್ತದೆ. ಆದರೆ ಎರಡು ಮೂರು ದಿನಗಳಲ್ಲಿ ತಾಯಿ ಮಗು ಮನೆಗೆ ಬರುತ್ತಾರೆ. ಮುಂದಿನ ಆರು ವಾರಗಳ ಹೊಣೆ ನಿಮ್ಮದು.

ಮೊದಲ ಹಾಲು ಹಳದಿಯಾಗಿ ಅಂಟಂಟಾಗಿರುತ್ತದೆ. ಅದು ಕೆಟ್ಟ ಹಾಲಲ್ಲ, ಗಿಣ್ಣುಹಾಲು. ಕರುವಿಗೆ ಅದನ್ನು ತಪ್ಪಿಸಿದರೆ ಕರು ಉಳಿಯುವುದು ಕಷ್ಟವೆಂದು ನಿಮಗೆ ಗೊತ್ತು. ಮಗುವಿಗೂ ಹುಟ್ಟಿದ ಒಂದು ಗಂಟೆಯೊಳಗೆ ಅದೇ ಬೇಕು. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಸಿನ ಏನನ್ನೂ ಹಚ್ಚದೆ ಒಣಗಿದಂತಿಡಿ. ಸ್ನಾನದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದನ್ನು ಕೈಬಿಡಿ, ಆ ಎಳೆಯ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ತೂಕ ಕಡಿಮೆಯಿರುವ ಕೂಸನ್ನು ಬೇಗ ಬೇಗ ಮೀಯಿಸುವುದೂ ಬೇಡ. ಅದನ್ನು ತಾಯಿಯ ಬರಿಯ ಎದೆಗೆ ಎದೆ ತಾಗುವಂತೆ ಕಟ್ಟಿಕೊಂಡರೆ ಅದಕ್ಕಿಂತ ಒಳ್ಳೆಯ ಕಾವು ಇಲ್ಲ. ಕಾಂಗರೂ ಆರೈಕೆ ಎಂಬ ಈ ಕ್ರಮ ಕೊಲಂಬಿಯಾ ದೇಶದಲ್ಲಿ 1970ರ ದಶಕದ ಕೊನೆಗೆ ಆರಂಭವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಮನೆಯವರೆಗೂ ಇದನ್ನು ಮುಂದುವರಿಸಿದ ಪ್ರಯೋಗದ ವರದಿ 2021ರಲ್ಲಿ ಬಂದಿದೆ. ತಾಯಿ ದಣಿದಾಗ ತಂದೆಯೂ ಕಟ್ಟಿಕೊಳ್ಳಬಹುದು, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ಆಸ್ಪತ್ರೆಯಲ್ಲಿ ಹೆತ್ತು ಬಂದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕು. ಈ ಕ್ರಮದ ಹಿಂದೆ ಮಹಾರಾಷ್ಟ್ರದ ಗಡ್‌ಚಿರೋಲಿಯ ಅನುಭವವಿದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ಕೂಸುಗಳನ್ನು ನೋಡಿಕೊಳ್ಳುವಂತೆ ಮಾಡಿದಾಗ ಎಳೆಗೂಸುಗಳ ಸಾವು ನೂರಕ್ಕೆ 62ರಷ್ಟು ಇಳಿದದ್ದು 1999ರಲ್ಲಿ ಪ್ರಕಟವಾಯಿತು. ಆದುದರಿಂದ ಆಕೆ ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸದೆ ಒಳಗೆ ಕರೆದು ಕೂಸನ್ನು ತೂಗಿಸಿ. ಕೂಸು ಹಾಲು ಬಿಟ್ಟರೆ, ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರಾಡಿದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಅಂಗಾಲು ಹಳದಿಯಾದರೆ, ಹೊಕ್ಕುಳು ಕೀವಾದರೆ, ಸೆಳೆತ ಬಂದರೆ 108ಕ್ಕೆ ಕರೆ ಮಾಡಿ. ತಾಯಿಗೆ ರಕ್ತಸ್ರಾವ ಹೆಚ್ಚಿದರೆ, ಜ್ವರ, ದುರ್ವಾಸನೆಯ ಸ್ರಾವ, ಒಂದೇ ಕಾಲಿನ ಊತ, ತೀವ್ರ ತಲೆನೋವು ಕಂಡರೂ ಅಷ್ಟೇ. ಎರಡು ವಾರ ಮೀರಿ ಅವಳು ಕಾರಣವಿಲ್ಲದೆ ಅಳುತ್ತಿದ್ದರೆ, ಕೂಸನ್ನೇ ನೋಡಲೊಲ್ಲದಿದ್ದರೆ ಅದನ್ನು ಕೊಬ್ಬು ಎನ್ನಬೇಡಿ. ಅದೂ ಕಾಯಿಲೆಯೇ, ಔಷಧ ಇದೆ.

ರಾಗಿ ಕೊಯ್ಲಿನ ದಿನಗಳಲ್ಲಿ ಆಳು ಸಿಗುವುದಿಲ್ಲವೆಂದು ತಿಂಗಳ ಬಾಣಂತಿಯನ್ನು ಕಣಕ್ಕೆ ಇಳಿಸುವ ಮನೆಗಳೂ ಇವೆ. ಆರು ವಾರ ಭಾರ ಎತ್ತುವ ಕೆಲಸ ಬೇಡ.

ಒಳಕೋಣೆಯಲ್ಲಿರುವ ಅಪಾಯ

ಇದು ನನ್ನ ಕಸುಬಿಗೆ ಸೇರಿದ ಮಾತು. ನಮ್ಮ ಮನೆಗಳಲ್ಲಿ ಗಾಳಿ ಬಾರದ ಕತ್ತಲೆಯ ಒಳಕೋಣೆಯೇ ಬಾಣಂತಿ ಕೋಣೆ, ಕಾಳಿನ ಮೂಟೆ ಇಡುವ ಕೋಣೆಯೂ ಅದೇ. ಹುಳು ಬೀಳದಿರಲೆಂದು ಮೂಟೆಗಳ ನಡುವೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುವವರಿದ್ದಾರೆ. ಅದರಿಂದ ಹೊರಡುವ ಅನಿಲ ಹುಳುವನ್ನು ಕೊಂದಂತೆಯೇ ಮನುಷ್ಯರನ್ನೂ ಕೊಲ್ಲುತ್ತದೆ, ಎಳೆಯ ಮಕ್ಕಳನ್ನು ಮೊದಲು. ಜನ ವಾಸಿಸುವ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ಕೂಡ, ಅದನ್ನು ಇಡಲೇಬಾರದು. ತರಬೇತಿ ಪಡೆದವರಲ್ಲದೆ ಬೇರೆಯವರು ಅದನ್ನು ಬಳಸುವಂತಿಲ್ಲ. ರಾಗಿಗಂತೂ ಯಾವ ಗುಳಿಗೆಯೂ ಬೇಕಾಗಿಲ್ಲ; ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ಧಾನ್ಯ ಅದು. ಅವರೆ, ತೊಗರಿಯನ್ನು ಚೆನ್ನಾಗಿ ಒಣಗಿಸಿ, ಬೇಳೆ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಿ. ಔಷಧ ಲೇಪಿಸಿದ ಬಿತ್ತನೆ ರಾಗಿಯ ಚೀಲವನ್ನೂ ಕೀಟನಾಶಕದ ಡಬ್ಬಿಗಳನ್ನೂ ಆ ಕೋಣೆಯಿಂದ ಹೊರಗೆ ಸಾಗಿಸಿ. ದ್ರಾಕ್ಷಿಗೋ ಗುಲಾಬಿಗೋ ಔಷಧ ಹೊಡೆದು ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಕೂಸನ್ನು ಮುಟ್ಟಬೇಡಿ. ಆ ಬಟ್ಟೆಯನ್ನು ಕೂಸಿನ ಬಟ್ಟೆಯೊಡನೆ ಒಗೆಯಬೇಡಿ.

ಹೆರಿಗೆಯ ದಿನದಿಂದ ಹಿಂದಕ್ಕೆ ಬಿತ್ತನೆ

ಹೆರಿಗೆಯ ಅಂದಾಜು ದಿನಾಂಕ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಮಳೆ ಯಾವಾಗ ಬಂದೀತೆಂದು ನಿಮಗೆ ಇಷ್ಟು ಮೊದಲೇ ತಿಳಿಸುವವರಿಲ್ಲ. ಹೆರಿಗೆಯ ವಿಚಾರದಲ್ಲಿ ಆರೇಳು ತಿಂಗಳ ಸೂಚನೆ ಸಿಗುತ್ತದೆ. ಅದನ್ನು ಬಳಸಿಕೊಳ್ಳಿ.

ಬಸುರು ಗೊತ್ತಾದ ತಿಂಗಳಲ್ಲೇ ಬಚ್ಚಲ ಹಿಂದೆ ಎರಡು ಗುಂಡಿ ತೆಗೆದು ಪಿಕೆಎಂ-1 ನುಗ್ಗೆ ಬೀಜ ಹಾಕಿ. ಎರಡು ಮೂರು ತಿಂಗಳಲ್ಲಿ ಸೊಪ್ಪು ಕೀಳಬಹುದು, ಹೆರಿಗೆಯ ಹೊತ್ತಿಗೆ ಕಾಯಿಯೂ ಬಂದೀತು. ಒಂದು ಪಪ್ಪಾಯಿ ಸಸಿಯನ್ನೂ ಅಂದೇ ನೆಡಿ. ಮುಂಗಾರಿಗೆ ರಾಗಿ ಬಿತ್ತುವವರು ಅಕ್ಕಡಿ ಸಾಲುಗಳನ್ನು ಬಿಡಬೇಡಿ. ಬರೀ ರಾಗಿ ಬಿತ್ತಿದರೆ ಕೊಯ್ಲಿಗೆ ಸಲೀಸೆಂದು ಅನೇಕರು ಅಕ್ಕಡಿ ಕೈಬಿಟ್ಟಿದ್ದಾರೆ. ಮೇಲೆ ಹಾಕಿದ ಲೆಕ್ಕದಲ್ಲಿ ಅವರೆ, ತೊಗರಿ ಬರುವುದು ಆ ಸಾಲುಗಳಿಂದಲೇ. ಹುಚ್ಚೆಳ್ಳಿನ ಚಟ್ನಿಯೂ ಅಲ್ಲಿಂದಲೇ. ಹೆರಿಗೆ ಬೇಸಿಗೆಯಲ್ಲಿದ್ದು ನೀರಿನ ಅನುಕೂಲವಿದ್ದರೆ ಮೂರು ತಿಂಗಳು ಮುಂಚಿತವಾಗಿ ನಾಲ್ಕು ಸಾಲು ಹೆಬ್ಬಾಳ ಅವರೆ-4 ಹಾಕಿ. ಹಗಲಿನ ಉದ್ದಕ್ಕೆ ಕಾಯದೆ ಯಾವ ಕಾಲದಲ್ಲೂ ಹೂಬಿಡುವ ತಳಿ ಅದು.

ಒಂದು ತಿಂಗಳು ಉಳಿದಿರುವಾಗ ದಂಟು, ಕೀರೆ, ಮೆಂತ್ಯವನ್ನು ಹಿತ್ತಲಿನಲ್ಲಿ ಚೆಲ್ಲಿ. ಮಾರುಕಟ್ಟೆಗೆಂದು ಬೆಳೆದು ಔಷಧ ಹೊಡೆದ ಮಡಿಯಿಂದ ಬಾಣಂತಿಗೆ ಸೊಪ್ಪು ಕೀಳಬೇಡಿ, ಅವಳದೇ ಒಂದು ಸಣ್ಣ ಮಡಿ ಬೇರೆ ಇರಲಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲವಾದರೆ ಸಾಕು. ಒಮ್ಮೆಗೇ ಪೂರ್ತಿ ಬಿತ್ತದೆ ಮೂರು ಪಾಲು ಮಾಡಿ ಹತ್ತು ದಿನಕ್ಕೊಂದು ಪಾಲು ಬಿತ್ತಿದರೆ ಎಳೆಯ ಸೊಪ್ಪು ತಪ್ಪದೆ ಬರುತ್ತದೆ. ಕಿತ್ತ ಜಾಗದಲ್ಲಿ ಮತ್ತೆ ಬಿತ್ತುತ್ತ ಹೋಗಿ. ಬಾಣಂತಿ ಮತ್ತು ಕೂಸಿನ ಸ್ನಾನಕ್ಕೆ ದಿನವೂ ನಾಲ್ಕಾರು ಕೊಡ ನೀರು ಖರ್ಚಾಗುತ್ತದೆ. ಅದನ್ನು ಮೋರಿಗೆ ಬಿಡದೆ ಒಂದು ಕಾಲುವೆ ತೆಗೆದು ನುಗ್ಗೆ, ಪಪ್ಪಾಯಿಯ ಬುಡಕ್ಕೆ ತಿರುಗಿಸಿ. ಸೋಪಿನ ನೀರನ್ನು ಸೊಪ್ಪಿನ ಮಡಿಗೆ ಹಾಯಿಸಬೇಡಿ.